ಸುಟ್ಟ ಆಯಿಲ್ ಡೀಸೆಲ್ ಟ್ಯಾಂಕಿಗೆ ಹಾಕಬಹುದೇ? ತೆರಿಗೆ ಏನು, ಕಾನೂನು ಏನು

ನಿಪ್ಪಾಣಿಯಿಂದ ವಿಜಯಪುರ ಜಿಲ್ಲೆಯ ಇಂಡಿಯವರೆಗೆ ಯಾವ ಗ್ಯಾರೇಜಿಗೆ ಹೋದರೂ ಮೂಲೆಯಲ್ಲಿ ಒಂದು ಕಪ್ಪು ಬ್ಯಾರಲ್ ಇದ್ದೇ ಇರುತ್ತದೆ. ಗಾಡಿಗಳಿಂದ ಇಳಿಸಿದ ಸುಟ್ಟ ಆಯಿಲ್ ಎಲ್ಲ ಅದರೊಳಗೆ. ಡೀಸೆಲ್ ರೇಟು ಏರಿದಾಗಲೆಲ್ಲ ಆ ಬ್ಯಾರಲ್ ಸುತ್ತ ಒಂದು ಮಾತು ಏಳುತ್ತದೆ: "ಇದನ್ನ ಸೋಸಿ ಡೀಸೆಲ್‌ದಾಗ ಬೆರೆಸಿದ್ರ ಹೆಂಗ್ರೀ? ಗಾಡಿ ಓಡತೈತಲ್ಲ!" ಕಬ್ಬಿನ ಸೀಜನ್ ಬಂತೆಂದರೆ ಈ ಮಾತಿಗೆ ಇನ್ನೂ ಬಲ. ರಾತ್ರಿ ಹಗಲು ಟ್ರ್ಯಾಕ್ಟರ್, ಲಾರಿ ಓಡುವ ದಿನಗಳಲ್ಲಿ ಲೀಟರಿಗೆ ಒಂದೆರಡು ರೂಪಾಯಿ ಉಳಿದರೂ ಅದು ದೊಡ್ಡ ದುಡ್ಡೇ.

ಕಾನೂನಿನ ಮಾತು ಬಂದರೆ ಬರುವ ಉತ್ತರವೂ ಸಾಮಾನ್ಯವಾಗಿ ಒಂದೇ. "ರೋಡ್ ಟ್ಯಾಕ್ಸ್ ತುಂಬೇನ್ರಿ. ನನ್ನ ಟ್ಯಾಂಕಿನ್ಯಾಗ ಏನ್ ಹಾಕಿದ್ರ ಯಾರಿಗೇನು?"

ಈ ಉತ್ತರದಲ್ಲಿ ಎರಡು ಬೇರೆ ಬೇರೆ ತೆರಿಗೆಗಳು ಕಲೆಸಿಹೋಗಿವೆ. ತೆರಿಗೆಗೆ ಸಂಬಂಧವೇ ಇಲ್ಲದ ಮೂರ್ನಾಲ್ಕು ಕಾಯ್ದೆಗಳು ಮರೆತೂ ಹೋಗಿವೆ. ನಿಜ ಹೇಳಬೇಕೆಂದರೆ ಸಿಕ್ಕಿಬೀಳುವುದು ಆ ಮರೆತ ಕಾಯ್ದೆಗಳಲ್ಲೇ. ತೆರಿಗೆಯ ಪ್ರಶ್ನೆ ಇಲ್ಲಿ ಎಲ್ಲಕ್ಕಿಂತ ಚಿಕ್ಕದು. ಆದರೂ ಮೊದಲು ಅದನ್ನೇ ಬಿಡಿಸೋಣ, ಏಕೆಂದರೆ ಜನ ಮೊದಲು ಕೇಳುವುದು ಅದನ್ನೇ.

ಆರ್‌ಟಿಒದಲ್ಲಿ ಕಟ್ಟುವುದು ಒಂದು, ಪಂಪಿನಲ್ಲಿ ಕಟ್ಟುವುದು ಇನ್ನೊಂದು

ನಾವು ರೋಡ್ ಟ್ಯಾಕ್ಸ್ ಎನ್ನುವುದು ಅಸಲಿಗೆ ವಾಹನದ ಮೇಲಿನ ತೆರಿಗೆ. 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಪ್ರಕಾರ ಇದನ್ನು ರಾಜ್ಯ ಸರ್ಕಾರ ವಸೂಲಿ ಮಾಡುತ್ತದೆ. ಸ್ವಂತ ಕಾರಾದರೆ ಕೊಳ್ಳುವಾಗಲೇ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ ಮುಗಿಯುತ್ತದೆ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆ ಏರಿದಂತೆ ಶೇ. 13ರಿಂದ ಶೇ. 18ರವರೆಗೆ ದರ ಇದೆ, ಮೇಲೆ ಸೆಸ್. ದೊಡ್ಡ ಸರಕು ಲಾರಿಗಳಿಗೆ ಭಾರದ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ. ಗಾಡಿ ಶೆಡ್ಡಿನಲ್ಲಿ ನಿಂತಿರಲಿ, ಬೆಳಗಾವಿಯಿಂದ ಮುಂಬೈಗೆ ದಿನಾ ಓಡಲಿ, ಓಡಿದ ಕಿಲೋಮೀಟರಿಗೂ ಈ ತೆರಿಗೆಗೂ ಸಂಬಂಧ ಇಲ್ಲ. ಟ್ಯಾಂಕಿನಲ್ಲಿ ಏನಿದೆ ಎಂಬುದನ್ನು ಅದು ನೋಡುವುದೇ ಇಲ್ಲ.

ಓಡಿದಷ್ಟಕ್ಕೆ ಕಟ್ಟುವ ತೆರಿಗೆ ಡೀಸೆಲ್ ಬೆಲೆಯೊಳಗೆ ಅಡಗಿದೆ. ಡೀಸೆಲ್, ಪೆಟ್ರೋಲ್ ಇನ್ನೂ ಜಿಎಸ್‌ಟಿಯೊಳಗೆ ಬಂದಿಲ್ಲ. ಕೇಂದ್ರಕ್ಕೆ ಎಕ್ಸೈಸ್ ಸುಂಕ ಹೋಗುತ್ತದೆ, ರಾಜ್ಯಕ್ಕೆ ಮಾರಾಟ ತೆರಿಗೆ ಹೋಗುತ್ತದೆ. 2025ರ ಏಪ್ರಿಲ್ ಲೆಕ್ಕ ಹಿಡಿದರೆ ಲೀಟರ್ ಡೀಸೆಲ್ ಮೇಲೆ ಕೇಂದ್ರದ ಸುಂಕ ಎಲ್ಲ ಸೇರಿ 17 ರೂಪಾಯಿ 80 ಪೈಸೆ. ಅದೇ ತಿಂಗಳ 1ನೇ ತಾರೀಖಿನಿಂದ ಕರ್ನಾಟಕದ ಮಾರಾಟ ತೆರಿಗೆ ಶೇ. 21.17. ಲೀಟರಿಗೆ 90 ರೂಪಾಯಿ ಎಂದು ಇಟ್ಟುಕೊಂಡರೆ ಹೆಚ್ಚು ಕಡಿಮೆ 33 ರೂಪಾಯಿ ಬರೀ ತೆರಿಗೆ. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ.

ಇದೆಲ್ಲ ರಸ್ತೆಗೇ ಹೋಗುತ್ತದೆಯೇ? ಇಲ್ಲ. ಕೇಂದ್ರದ ಆ 17.80ರಲ್ಲಿ ರಸ್ತೆ ಮತ್ತು ಮೂಲಸೌಕರ್ಯ ಸೆಸ್ ಎಂದು ಹೆಸರಿರುವುದು 2 ರೂಪಾಯಿ ಮಾತ್ರ. 2021ರಲ್ಲಿ ಅದು 18 ರೂಪಾಯಿ ಇತ್ತು. ಆ ವರ್ಷ ನವೆಂಬರ್‌ನಲ್ಲಿ ಒಮ್ಮೆ, 2022ರ ಮೇನಲ್ಲಿ ಇನ್ನೊಮ್ಮೆ ಇಳಿಸಿದರು. ಇನ್ನುಳಿದ ದುಡ್ಡು ಬೇರೆ ಬೇರೆ ಖಾತೆಗೆ.

ಮಾರಾಟ ತೆರಿಗೆ ಯಾವ ರಾಜ್ಯಕ್ಕೆ ಎಂಬುದು ಗಾಡಿ ಎಲ್ಲಿ ಓಡುತ್ತದೆ ಎನ್ನುವುದರ ಮೇಲಿಲ್ಲ, ಡೀಸೆಲ್ ಎಲ್ಲಿ ತುಂಬಿಸಿದಿರಿ ಎನ್ನುವುದರ ಮೇಲಿದೆ. ಕೊಗನೊಳ್ಳಿ, ನಿಪ್ಪಾಣಿ ಕಡೆಯ ಪಂಪುಗಳಲ್ಲಿ ಎಂಎಚ್ ನಂಬರಿನ ಲಾರಿಗಳು ಸಾಲು ಹಚ್ಚುವುದನ್ನು ನೋಡಿರುತ್ತೀರಿ. ಮಹಾರಾಷ್ಟ್ರಕ್ಕಿಂತ ಇಲ್ಲಿ ಡೀಸೆಲ್ ಅಗ್ಗವಾದಾಗ ಗಡಿ ದಾಟುವ ಮೊದಲೇ ಟ್ಯಾಂಕ್ ಫುಲ್ ಮಾಡಿಸುತ್ತಾರೆ. ಓಡುವುದು ಕೊಲ್ಲಾಪುರ, ಪುಣೆ ರಸ್ತೆಯಲ್ಲಿ, ತೆರಿಗೆ ಬರುವುದು ಕರ್ನಾಟಕಕ್ಕೆ. ಇದರಲ್ಲಿ ಅಕ್ರಮ ಏನೂ ಇಲ್ಲ.

ಈಗ ಸುಟ್ಟ ಆಯಿಲ್‌ಗೆ ಬರೋಣ. ನಿಮ್ಮದೇ ಗಾಡಿಯಿಂದ ಇಳಿಸಿದ ಆಯಿಲ್ ನಿಮ್ಮದೇ ಟ್ಯಾಂಕಿಗೆ ಹೋದರೆ ಅಲ್ಲಿ ಮಾರಾಟವೇ ನಡೆದಿಲ್ಲ. ಮಾರಾಟ ಇಲ್ಲದ ಕಡೆ ಮಾರಾಟ ತೆರಿಗೆ ಹುಟ್ಟುವುದಿಲ್ಲ. ಎಂಜಿನ್ ಆಯಿಲ್ ಕೊಂಡಾಗ ಅದರ ಜಿಎಸ್‌ಟಿಯನ್ನೂ ಕಟ್ಟಿರುತ್ತೀರಿ. ಅದನ್ನೇ ಒಬ್ಬ ಡೀಸೆಲ್ ಎಂದೋ ಬಯೋಡೀಸೆಲ್ ಎಂದೋ ಬ್ಯಾರಲ್ ಇಟ್ಟು ಮಾರಲು ಶುರು ಮಾಡಿದರೆ ಮಾತು ಬೇರೆ. ಅಲ್ಲಿ ತೆರಿಗೆ ವಂಚನೆಯೂ ಇದೆ, ಅದಕ್ಕಿಂತ ದೊಡ್ಡ ಅಪರಾಧವೂ ಇದೆ. ಅದು ಮುಂದೆ ಬರುತ್ತದೆ.

ಯೂಟ್ಯೂಬಿನಲ್ಲಿ ಬ್ರಿಟನ್ನಿನವರ ವಿಡಿಯೋ ನೋಡಿ "ಅಲ್ಲಿ ಕಾನೂನೇ ಬಿಟ್ಟಿದೆ" ಎನ್ನುವವರಿದ್ದಾರೆ. ಅಲ್ಲಿ ಬಿಟ್ಟಿದ್ದು ಸುಂಕವನ್ನು. 2007ರಿಂದ ಒಬ್ಬರು ವರ್ಷಕ್ಕೆ 2,500 ಲೀಟರ್‌ವರೆಗೆ ಜೈವಿಕ ಇಂಧನ ಮಾಡಿಕೊಂಡರೆ ಅಥವಾ ಬಳಸಿದರೆ ಸುಂಕ ಇಲ್ಲ, ನೋಂದಣಿಯೂ ಬೇಡ. ಇದು ಅಡುಗೆ ಎಣ್ಣೆಯಂಥ ಗಿಡಮೂಲದ ಎಣ್ಣೆಯ ಮಾತು, ಎಂಜಿನ್ ಆಯಿಲ್‌ನದ್ದಲ್ಲ. ಅಮೆರಿಕದಲ್ಲಿ ಕಥೆ ಉಲ್ಟಾ. ಅಲ್ಲಿ ರಸ್ತೆಯ ದುಡ್ಡಿನಲ್ಲಿ ದೊಡ್ಡ ಪಾಲು ಇಂಧನ ತೆರಿಗೆಯಿಂದ ಬರುವುದರಿಂದ, 2007ರಲ್ಲಿ ಇಲಿನಾಯ್ ರಾಜ್ಯ ಕರಿದ ಎಣ್ಣೆಯಲ್ಲಿ ಕಾರು ಓಡಿಸುತ್ತಿದ್ದ ವೃದ್ಧ ದಂಪತಿಗೂ ತೆರಿಗೆ ಕಟ್ಟಿ ಎಂದಿತ್ತು. ಅವರವರ ತೆರಿಗೆ ಪದ್ಧತಿ ಅವರವರಿಗೆ. ಅದನ್ನು ತಂದು ಚಿಕ್ಕೋಡಿ ರಸ್ತೆಗೆ ಹಚ್ಚಲು ಬರುವುದಿಲ್ಲ.

ಯಾವ ಎಣ್ಣೆ ಎಂಬುದೇ ಮೊದಲ ಪ್ರಶ್ನೆ

ನಮ್ಮಲ್ಲಿ ವೇಸ್ಟ್ ಆಯಿಲ್ ಎಂದರೆ ಎಲ್ಲವೂ ಬಂತು. ಕಾನೂನಿಗೆ ಹಾಗಲ್ಲ. ಗ್ಯಾರೇಜಿನ ಕಪ್ಪು ಆಯಿಲ್ ಒಂದು ಜಾತಿ, ಮಿರ್ಚಿ ಭಜಿ ಅಂಗಡಿಯ ಬಾಣಲೆಯಲ್ಲಿ ಉಳಿದ ಎಣ್ಣೆ ಇನ್ನೊಂದು ಜಾತಿ. ಎರಡಕ್ಕೂ ಬೇರೆ ಬೇರೆ ಕಾನೂನು, ಬೇರೆ ಬೇರೆ ಇಲಾಖೆ.

ಎಂಜಿನ್ ಆಯಿಲ್, ಗೇರ್ ಆಯಿಲ್, ಹೈಡ್ರಾಲಿಕ್ ಆಯಿಲ್, ಟ್ರಾನ್ಸ್‌ಫಾರ್ಮರ್ ಆಯಿಲ್ ಇವೆಲ್ಲ ಬಳಸಿ ತೆಗೆದ ಮೇಲೆ ಅಪಾಯಕಾರಿ ತ್ಯಾಜ್ಯ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಉದ್ಯಮಬಾಗ, ಮಚ್ಛೆ ಕಡೆಯ ವರ್ಕ್‌ಶಾಪುಗಳಿಗೆ ಇದು ಹೊಸ ಸುದ್ದಿ ಅಲ್ಲ. ಈ ಆಯಿಲ್ ಅನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಸಂಸ್ಕರಣೆ ಘಟಕಕ್ಕೇ ಕೊಡಬೇಕು. 2023ರಲ್ಲಿ ಈ ನಿಯಮಕ್ಕೆ ತಿದ್ದುಪಡಿ ತಂದು, 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವ ಕಂಪನಿಗಳಿಗೂ ಹೊಣೆ ಹಚ್ಚಿದ್ದಾರೆ. ಮಾರಿದ ಆಯಿಲ್‌ನಲ್ಲಿ ಇಂತಿಷ್ಟು ಪಾಲು ಮರಳಿ ಶುದ್ಧೀಕರಣಕ್ಕೆ ಹೋಗುವಂತೆ ಅವರೇ ನೋಡಿಕೊಳ್ಳಬೇಕು.

ಇದೇ ನಿಯಮದಲ್ಲಿ ಒಂದು ಸಾಲು ಗಮನಿಸಬೇಕು. ರಿಫೈನರಿ, ಹಡಗುಗಳಲ್ಲಿ ಚೆಲ್ಲಿದ, ತಳದಲ್ಲಿ ಉಳಿದ ಎಣ್ಣೆಯನ್ನು ನಿಗದಿತ ಗುಣಮಟ್ಟ ಇದ್ದರೆ ಕುಲುಮೆಯಲ್ಲಿ ಇಂಧನವಾಗಿ ಸುಡಬಹುದು. ಕುಲುಮೆ ಎಂದು ಹೇಳಿದೆ, ವಾಹನ ಎಂದು ಎಲ್ಲೂ ಹೇಳಿಲ್ಲ. ಲಾರಿ ಟ್ಯಾಂಕು ಈ ನಿಯಮದಲ್ಲಿ ವಿಲೇವಾರಿ ಜಾಗ ಅಲ್ಲವೇ ಅಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಡಿ ಈಗ ಇಂಥ ಉಲ್ಲಂಘನೆಗೆ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. ಇದರ ಬಿಸಿ ಮೊದಲು ತಟ್ಟುವುದು ಗ್ಯಾರೇಜಿನವರಿಗೆ, ಏಕೆಂದರೆ ಬ್ಯಾರಲ್ ಇರುವುದು ಅವರ ಬಳಿ.

ಕರಿದ ಎಣ್ಣೆಯ ದಾರಿ ಬೇರೆ. ಅದನ್ನು ನೋಡಿಕೊಳ್ಳುವುದು ಆಹಾರ ಸುರಕ್ಷತೆ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ. ಎಣ್ಣೆ ಕಾಯಿಸಿದಷ್ಟೂ ಅದು ಕೆಟ್ಟದ್ದರ ಗುರುತಾದ ಪೋಲಾರ್ ಸಂಯುಕ್ತಗಳು ಹೆಚ್ಚುತ್ತವೆ. ಅದು ಶೇ. 25 ದಾಟಿದರೆ ಆ ಎಣ್ಣೆಯಲ್ಲಿ ಅಡುಗೆ ಮಾಡುವಂತಿಲ್ಲ. ಇದು 2018ರ ಜುಲೈ 1ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವ ಹೋಟೆಲ್, ಫ್ಯಾಕ್ಟರಿಗಳು ಲೆಕ್ಕ ಬರೆದಿಡಬೇಕು, ಉಳಿದ ಎಣ್ಣೆಯನ್ನು ಅನುಮತಿ ಇರುವ ಸಂಗ್ರಹಕಾರರಿಗೆ ಕೊಡಬೇಕು. ಆ ಎಣ್ಣೆ ಬಯೋಡೀಸೆಲ್ ಘಟಕಕ್ಕೆ ಹೋಗುತ್ತದೆ. ಅಂದರೆ ಕರಿದ ಎಣ್ಣೆ ಕೊನೆಗೆ ಡೀಸೆಲ್ ಗಾಡಿಯಲ್ಲೇ ಉರಿಯಲಿ ಎಂಬುದು ಸರ್ಕಾರದ ಇಚ್ಛೆಯೂ ಹೌದು. ಆದರೆ ನಡುವೆ ಒಂದು ಫ್ಯಾಕ್ಟರಿ ಇರಬೇಕು. ಅದು ಏಕೆ ಎಂದು ತಿಳಿಯಲು ಎಂಜಿನ್ ಒಳಗೆ ಇಣುಕಬೇಕು.

ಎಂಜಿನ್ ಓಡುತ್ತದೆ, ತೊಂದರೆ ಅಲ್ಲೇ ಇರುವುದು

1900ರಲ್ಲಿ ಪ್ಯಾರಿಸ್‌ನ ವಸ್ತುಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಲ್ಲಿ ಓಡಿತ್ತು. ನೋಡಿದವರಿಗೆ ಅದು ಶೇಂಗಾ ಎಣ್ಣೆ ಎಂದು ಗೊತ್ತೂ ಆಗಲಿಲ್ಲ ಎಂದು ಸ್ವತಃ ರುಡಾಲ್ಫ್ ಡೀಸೆಲ್ ಹೇಳಿಕೊಂಡಿದ್ದಾರೆ. ಶೇಂಗಾ, ಕುಸುಬಿ ಬೆಳೆಯುವ ನಮ್ಮ ಕಡೆಯವರಿಗೆ ಇದು ಕೇಳಲು ಖುಷಿ ಕೊಡುವ ಸಂಗತಿ. ಡೀಸೆಲ್ ಎಂಜಿನ್ ಕಿಡಿಯಿಂದ ಉರಿಸುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ ಅದರೊಳಗೆ ಎಣ್ಣೆ ಚಿಮ್ಮಿಸುತ್ತದೆ. ಹಾಗಾಗಿ ಚಿಮ್ಮಿಸಲು ಬರುವ, ಉರಿಯುವ ಯಾವ ಎಣ್ಣೆಗೂ ಅದು ಸ್ವಲ್ಪ ಹೊತ್ತು ಓಗೊಡುತ್ತದೆ.

ಕಷ್ಟ ಇರುವುದು ಚಿಮ್ಮಿಸುವುದರಲ್ಲಿ. 40 ಡಿಗ್ರಿ ಶಾಖದಲ್ಲಿ ಡೀಸೆಲ್‌ನ ಸ್ನಿಗ್ಧತೆ, ಅಂದರೆ ಎಣ್ಣೆ ಎಷ್ಟು ದಪ್ಪ ಎಂಬ ಅಳತೆ, 2ರಿಂದ 4.5 ಸೆಂಟಿಸ್ಟೋಕ್ ಇರಬೇಕು. ಅಡುಗೆ ಎಣ್ಣೆಯದು ಸುಮಾರು 30ರಿಂದ 40. ಲಾರಿಗೆ ಹಾಕುವ 15ಡಬ್ಲ್ಯು-40 ಎಂಜಿನ್ ಆಯಿಲ್‌ನದು ನೂರರ ಮೇಲೆ. ಇಷ್ಟು ದಪ್ಪ ಎಣ್ಣೆ ನಾಜಲ್‌ನಿಂದ ಮಂಜಿನಂತೆ ಹರಡುವುದಿಲ್ಲ, ದಪ್ಪ ಹನಿಯಾಗಿ ಬೀಳುತ್ತದೆ. ಹನಿ ಪೂರ್ತಿ ಉರಿಯುವುದಿಲ್ಲ. ಅರ್ಧ ಉರಿದದ್ದು ನಾಜಲ್ ತುದಿಯಲ್ಲಿ, ಪಿಸ್ಟನ್ ರಿಂಗುಗಳಲ್ಲಿ ಮಸಿಯಾಗಿ ಗಟ್ಟಿ ಕೂರುತ್ತದೆ. ಭಜಿ ಅಂಗಡಿಯ ಪಾಮ್ ಎಣ್ಣೆಯಾದರೆ ಇನ್ನೊಂದು ಕಾಟ. ಡಿಸೆಂಬರ್‌ನ ಬೆಳಗಾವಿ ಚಳಿಗೆ ಅದು ಕ್ಯಾನಿನಲ್ಲೇ ಹೆಪ್ಪುಗಟ್ಟಲು ಶುರು ಮಾಡುತ್ತದೆ.

ಸೋಸಿದರೆ ಸಾಕಲ್ಲ ಎನ್ನುವವರು ಒಂದು ಪ್ರಯೋಗ ಮಾಡಿ ನೋಡಬಹುದು. ಸುಟ್ಟ ಎಂಜಿನ್ ಆಯಿಲ್ ಅನ್ನು ಹಳೇ ಲುಂಗಿ ಬಟ್ಟೆಯಲ್ಲಿ ನಾಲ್ಕು ಮಡಿಕೆ ಮಾಡಿ ಸೋಸಿ, ಗಾಜಿನ ಬಾಟಲಿಗೆ ತುಂಬಿ ಬಿಸಿಲಲ್ಲಿ ಒಂದೆರಡು ವಾರ ಇಡಿ. ತಳದಲ್ಲಿ ಕೆಸರು ಕೂರುತ್ತದೆ, ಕೆಲವೊಮ್ಮೆ ನೀರಿನ ಗೆರೆಯೂ ಕಾಣುತ್ತದೆ. ಮೇಲಿನ ಆಯಿಲ್ ಮಾತ್ರ ಕಪ್ಪಾಗಿಯೇ ಇರುತ್ತದೆ. ಆ ಕಪ್ಪು ಒಂದು ಮೈಕ್ರಾನ್‌ಗಿಂತ ಸಣ್ಣ ಮಸಿ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬಟ್ಟೆ ಏನನ್ನು ತಡೆದೀತು? ಇನ್ನು ಆಯಿಲ್‌ನಲ್ಲಿ ಕರಗಿರುವ ಸತು, ಕ್ಯಾಲ್ಸಿಯಂ, ರಂಜಕ ಯಾವ ಫಿಲ್ಟರಿಗೂ ಸಿಗುವುದಿಲ್ಲ. ಎಂಜಿನ್ ಸವೆಯದಿರಲಿ ಎಂದು ಕಂಪನಿಯೇ ಹಾಕಿದ ವಸ್ತುಗಳು ಅವು. ಎಂಜಿನ್ ಕೆಳಗೆ ಸಂಪ್‌ನಲ್ಲಿದ್ದಾಗ ಎಂಜಿನ್ ಅನ್ನು ಕಾಪಾಡುತ್ತವೆ, ಸಿಲಿಂಡರ್‌ನಲ್ಲಿ ಸುಟ್ಟಾಗ ಬೂದಿಯಾಗುತ್ತವೆ.

ಈ ಬೂದಿಯೇ ಬಿಎಸ್-6 ಎಂಬ ಹೊಗೆ ಮಿತಿಯ ಮಾನದಂಡಕ್ಕೆ ತಯಾರಾದ ಗಾಡಿಗಳ ಶತ್ರು. 2020ರ ಏಪ್ರಿಲ್ 1ರ ನಂತರದ ಡೀಸೆಲ್ ಗಾಡಿಗಳಲ್ಲಿ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಫಿಲ್ಟರ್ ಇದೆ. ಅದರಲ್ಲಿ ಕೂತ ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳುತ್ತದೆ, ಅದಕ್ಕೆ ರೀಜನರೇಷನ್ ಎನ್ನುತ್ತಾರೆ. ಬೂದಿಯನ್ನು ಸುಡಲು ಬರುವುದಿಲ್ಲ. ಅದು ತುಂಬುತ್ತಲೇ ಹೋಗುತ್ತದೆ. ಎಣ್ಣೆ ಚಿಮ್ಮಿಸುವ ಇಂಜೆಕ್ಟರ್‌ನ ಪಾಡೂ ಅಷ್ಟೆ. ಎಲ್ಲ ಇಂಜೆಕ್ಟರ್‌ಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೇಲ್ ಗಾಡಿಗಳಲ್ಲಿ ಒತ್ತಡ 2,000 ಬಾರ್ ಹತ್ತಿರ ಹೋಗುತ್ತದೆ, ಒಳಗಿನ ಸಂದು ಕೆಲವೇ ಮೈಕ್ರಾನ್. ಅಲ್ಲಿಗೆ ಲೋಹದ ಪುಡಿ ಹೋದರೆ ಉಜ್ಜಿ ಸವೆಸುತ್ತದೆ. ನೂರು ಲೀಟರಿನಲ್ಲಿ ಇಪ್ಪತ್ತು ಲೀಟರ್ ಬೆರೆಸಿದರೆ ಉಳಿಯುವುದು 1,800 ರೂಪಾಯಿ. ಇಂಜೆಕ್ಟರ್ ಸೆಟ್ಟು, ಡಿಪಿಎಫ್ ಬದಲಿಸಿದವರು ಬಿಲ್ ಎಷ್ಟು ಬಂತೆಂದು ಹೇಳುತ್ತಾರೆ, ಅವರನ್ನೇ ಕೇಳಿ.

ಹಳೇ ಗಾಡಿಗಳಲ್ಲಿ, ಮೆಕ್ಯಾನಿಕಲ್ ಪಂಪಿನ ಟ್ರ್ಯಾಕ್ಟರ್‌ಗಳಲ್ಲಿ ಇದು ಇಷ್ಟು ಬೇಗ ಕಾಣುವುದಿಲ್ಲ. ತಿಂಗಳುಗಟ್ಟಲೆ ಏನೂ ಆಗದೆ ಓಡಬಹುದು. ಅದನ್ನೇ ನೋಡಿ ಜನ ನಂಬುತ್ತಾರೆ. ಆದರೆ ಎಂಜಿನ್ ತಡೆದುಕೊಂಡಿತು ಎಂದ ಮಾತ್ರಕ್ಕೆ ಹೊಗೆ ಒಳ್ಳೆಯದಾಗುವುದಿಲ್ಲ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ಅದಕ್ಕೆ ಸುಟ್ಟ ಆಯಿಲ್‌ನ ಲೋಹ, ಮಸಿ ಸೇರಿಸಿದರೆ ಅದನ್ನು ಉಸಿರಾಡುವವರು ಯಾರು? ಟ್ರ್ಯಾಕ್ಟರ್ ಸೀಟಿನಲ್ಲಿ ಕೂತ ಡ್ರೈವರ್, ಹಿಂದೆ ಬೈಕಿನಲ್ಲಿ ಬರುವ ಮಕ್ಕಳು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ನೋವಾಗುವುದು ಇದೇ.

ಕರಿದ ಎಣ್ಣೆಯ ನಡುವಿನ ಫ್ಯಾಕ್ಟರಿ ಮಾಡುವ ಕೆಲಸ ಈಗ ಅರ್ಥವಾಗುತ್ತದೆ. ಎಣ್ಣೆಗೆ ಮೆಥನಾಲ್ ಮತ್ತು ಕಾಸ್ಟಿಕ್ ಸೇರಿಸಿ ಬಿಸಿ ಮಾಡಿದರೆ ಎಣ್ಣೆಯ ದಪ್ಪ ಅಣು ಒಡೆದು ಬಯೋಡೀಸೆಲ್ ಆಗುತ್ತದೆ, ಗ್ಲಿಸರಿನ್ ಕೆಳಗೆ ಇಳಿಯುತ್ತದೆ. ಸ್ನಿಗ್ಧತೆ 3.5ರಿಂದ 5ಕ್ಕೆ ಬಂದು ನಿಲ್ಲುತ್ತದೆ, ಅಂದರೆ ಡೀಸೆಲ್‌ನ ಪಕ್ಕಕ್ಕೆ. ಮನೆಯಲ್ಲಿ ಮಾಡಿ ನೋಡುತ್ತೇನೆ ಎನ್ನುವವರಿಗೆ ಒಂದು ಮಾತು: ಮೆಥನಾಲ್ ವಿಷ, ಅದರ ಆವಿ ಬೇಗ ಹೊತ್ತಿಕೊಳ್ಳುತ್ತದೆ, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೇ ಕಾಣುವುದಿಲ್ಲ.

ರಸ್ತೆಗೆ ಇಳಿದ ಮೇಲೆ

"ಸುಟ್ಟ ಆಯಿಲ್ ಹಾಕಿ ಗಾಡಿ ಓಡಿಸಬಾರದು" ಎಂದು ಒಂದೇ ಸಾಲಿನಲ್ಲಿ ಹೇಳುವ ಕಲಂ ಮೋಟಾರು ವಾಹನ ಕಾಯ್ದೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ ಕೆಲವರು "ಕಾನೂನೇ ಇಲ್ಲ" ಎನ್ನುವುದು. ಕಾನೂನು ಸುತ್ತು ದಾರಿಯಲ್ಲಿ ಬರುತ್ತದೆ.

ನಿಮ್ಮ ಆರ್‌ಸಿಯಲ್ಲಿ ಇಂಧನ ಎಂಬ ಕಡೆ ಡೀಸೆಲ್ ಎಂದಿದೆ. ಆರ್‌ಸಿಯಲ್ಲಿ ಇರುವುದಕ್ಕೆ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ 52ನೇ ಕಲಂ. ಟ್ಯಾಂಕಿಗೆ ಎಣ್ಣೆ ಸುರಿದರೆ ಅದು ಗಾಡಿ ಬದಲಿಸಿದಂತೆ ಆಗದಿರಬಹುದು. ಆದರೆ ದಪ್ಪ ಎಣ್ಣೆ ಓಡಲಿ ಎಂದು ಎರಡನೇ ಟ್ಯಾಂಕ್, ಹೀಟರ್, ಬೇರೆ ಪೈಪ್ ಕೂರಿಸಿದರೆ ಆಗುತ್ತದೆ. ಸಿಎನ್‌ಜಿ, ಎಲ್‌ಪಿಜಿಗೆ ಅನುಮೋದನೆ ಪಡೆದ ಕಿಟ್ ಇದೆ, ಆರ್‌ಟಿಒದಲ್ಲಿ ಆರ್‌ಸಿಗೆ ಬರೆಸಿಕೊಂಡರೆ ಮುಗಿಯಿತು. ಸುಟ್ಟ ಆಯಿಲ್‌ಗೆ ಅಂಥ ದಾರಿ ಇಲ್ಲ. 182ಎ ಕಲಂ ಪ್ರಕಾರ ಇಂಥ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು.

ಹೊಗೆಯದು ಇನ್ನೊಂದು ಕಲಂ. ಮಾಲಿನ್ಯದ ಮಿತಿ ಮೀರಿದರೆ 190(2) ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಮೂರು ತಿಂಗಳು ಲೈಸೆನ್ಸೂ ಹೋಗಬಹುದು. ಹೊಗೆ ತಪಾಸಣೆಯ ಪಿಯುಸಿ ಸರ್ಟಿಫಿಕೇಟ್ ಇದೆಯಲ್ಲ ಎನ್ನಬೇಡಿ. ಪಿಯುಸಿ ಕೇಂದ್ರದಲ್ಲಿ ಡೀಸೆಲ್ ಗಾಡಿಗೆ ಅಳೆಯುವುದು ಹೊಗೆ ಎಷ್ಟು ಕಪ್ಪು ಎಂಬುದನ್ನು. ಆ ಕಪ್ಪಿನ ಅಳತೆಯಲ್ಲಿ ಬಿಎಸ್-4 ಗಾಡಿಗೆ ಮಿತಿ 1.62, ಅದಕ್ಕಿಂತ ಹಳೆಯದಕ್ಕೆ 2.45. ಆ ಮೀಟರ್ ಸತುವನ್ನಾಗಲಿ ಬೂದಿಯನ್ನಾಗಲಿ ಗುರುತಿಸುವುದಿಲ್ಲ. ಇದು ನಮ್ಮ ಪಿಯುಸಿ ವ್ಯವಸ್ಥೆಯ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಒಳ್ಳೆ ಡೀಸೆಲ್ ಹಾಕಿ ಪಿಯುಸಿ ಮಾಡಿಸಿ, ಆಮೇಲೆ ಬ್ಯಾರಲ್ ಆಯಿಲ್ ತುಂಬಿಸಿದರೆ ಮುಂದಿನ ಪಿಯುಸಿವರೆಗೆ ಯಾರೂ ಕೇಳುವುದಿಲ್ಲ. ಆದರೆ ರಸ್ತೆಯಲ್ಲಿ ಕಪ್ಪು ಹೊಗೆ ಬಿಟ್ಟು ಹೋಗುವ ಗಾಡಿಯನ್ನು ನಿಲ್ಲಿಸಿ ಮತ್ತೆ ಪರೀಕ್ಷೆಗೆ ಕಳಿಸುವ ಅಧಿಕಾರ ಇದ್ದೇ ಇದೆ.

ಅತಿ ಕಠಿಣ ಕಾನೂನು ಮಾರುವವರಿಗೆ ಕಾದಿದೆ. ಡೀಸೆಲ್ ಅಗತ್ಯ ವಸ್ತು. 1955ರ ಅಗತ್ಯ ವಸ್ತುಗಳ ಕಾಯ್ದೆ ಮತ್ತು ಅದರ ಅಡಿಯ 2005ರ ಆದೇಶದ ಪ್ರಕಾರ ಡೀಸೆಲ್‌ಗೆ ಬೇರೆ ವಸ್ತು ಬೆರೆಸಿ ಅದರ ಗುಣಮಟ್ಟ ಕೆಡಿಸುವುದು ಕಲಬೆರಕೆ. ಶಿಕ್ಷೆ ಏಳು ವರ್ಷದವರೆಗೆ ಹೋಗಬಹುದು. ಅಗ್ಗದ "ಬಯೋಡೀಸೆಲ್" ಎಂದು ಡಾಬಾ ಪಕ್ಕ ಮಾರುವವರ ಬಳಿ ತುಂಬಿಸುವ ಮೊದಲು ಇದನ್ನು ನೆನಪಿಡಿ. ಗುಜರಾತ್‌ನಲ್ಲಿ 2021ರಲ್ಲಿ ಇಂಥ ಅಡ್ಡೆಗಳ ಮೇಲೆ ಪೊಲೀಸರು ಸಾಲು ಸಾಲು ದಾಳಿ ಮಾಡಿದ್ದರು. ನಿಜವಾದ ಬಯೋಡೀಸೆಲ್ ಮಾರಲು 2019ರ ಕೇಂದ್ರದ ಮಾರ್ಗಸೂಚಿ ಇದೆ, ಅದರಂತೆ ಅನುಮತಿ ಬೇಕು, ಐಎಸ್ 15607 ಗುಣಮಟ್ಟ ಬೇಕು. ಮಾರುವುದೂ ಡೀಸೆಲ್‌ಗೆ ಬೆರೆಸಲೆಂದೇ. ಅನುಮತಿ ಪತ್ರ ತೋರಿಸಿ ಎಂದು ಕೇಳಿ, ಬಿಲ್ ಕೊಡಿ ಎಂದು ಕೇಳಿ. ಎರಡೂ ಇಲ್ಲದಿದ್ದರೆ ಗಾಡಿ ಮುಂದೆ ಬಿಡಿ. ಎಂಜಿನ್ ಸೀಜ್ ಆದಾಗ ವಾರಂಟಿಯಾಗಲಿ ಇನ್ಶೂರೆನ್ಸ್ ಆಗಲಿ ಟ್ಯಾಂಕಿನಲ್ಲಿದ್ದ ಎಣ್ಣೆಯ ನೆಪ ಹಿಡಿದೇ ಕೈ ಚೆಲ್ಲುತ್ತವೆ.

ಹೊಲದ ಪಂಪ್‌ಸೆಟ್ಟಿಗೆ ಮೋಟಾರು ವಾಹನ ಕಾಯ್ದೆ ಬರುವುದಿಲ್ಲ. ಅಲ್ಲಿ ಹೊಂಗೆ ಎಣ್ಣೆ ಬಳಸಿ ನೀರೆತ್ತಿದ, ಕರೆಂಟ್ ಮಾಡಿದ ಪ್ರಯೋಗಗಳು ನಮ್ಮ ರಾಜ್ಯದಲ್ಲೇ ನಡೆದಿವೆ. ನಿಧಾನಕ್ಕೆ ತಿರುಗುವ ಹಳೇ ಎಂಜಿನ್‌ಗಳಿಗೆ ಅದು ಒಗ್ಗುತ್ತದೆ ಕೂಡ. ಸುಟ್ಟ ಎಂಜಿನ್ ಆಯಿಲ್ ಮಾತ್ರ ಅಲ್ಲಿಯೂ ಅಪಾಯಕಾರಿ ತ್ಯಾಜ್ಯವೇ.

ಹಾಗಾದರೆ ಆ ಬ್ಯಾರಲ್ ಏನು ಮಾಡಬೇಕು? ಅದಕ್ಕೆ ಬೆಲೆ ಇದೆ. ಶುದ್ಧೀಕರಿಸಿದರೆ ಮತ್ತೆ ಆಯಿಲ್ ಆಗುತ್ತದೆ, ಹಾಗಾಗಿ ಲೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟೇ ಒಯ್ಯುತ್ತಾರೆ. ಒಯ್ಯುವವರ ಬಳಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದೆಯೇ ನೋಡಿ, ಕೊಟ್ಟ ಆಯಿಲ್‌ಗೆ ರಸೀದಿ ತೆಗೆದಿಟ್ಟುಕೊಳ್ಳಿ. ಮನೆಯಲ್ಲೇ ಟ್ರ್ಯಾಕ್ಟರ್ ಆಯಿಲ್ ಬದಲಿಸುವ ರೈತರು ಅದನ್ನು ಗಟಾರಿಗೆ ಸುರಿಯದೆ, ಬದುವಿಗೆ ಚೆಲ್ಲದೆ, ಹಳೇ ಕ್ಯಾನಿಗೆ ತುಂಬಿ ಹತ್ತಿರದ ಗ್ಯಾರೇಜಿನ ಬ್ಯಾರಲ್‌ಗೇ ಕೊಡಬಹುದು. ಕೂಲೆಂಟ್, ಬ್ರೇಕ್ ಆಯಿಲ್, ಸೀಮೆಎಣ್ಣೆ, ಪಾರ್ಟ್ ತೊಳೆದ ಪೆಟ್ರೋಲ್ ಇವನ್ನೆಲ್ಲ ಅದೇ ಬ್ಯಾರಲ್‌ಗೆ ಸುರಿಯುವ ರೂಢಿ ನಮ್ಮ ಗ್ಯಾರೇಜುಗಳಲ್ಲಿದೆ. ಹಾಗೆ ಬೆರೆತರೆ ಆಯಿಲ್ ಶುದ್ಧೀಕರಣಕ್ಕೆ ಬರುವುದು ಕಷ್ಟ, ಬೆಲೆಯೂ ಬೀಳುತ್ತದೆ. ಭಜಿ ಎಣ್ಣೆಯನ್ನಂತೂ ಅದಕ್ಕೆ ಸೇರಿಸಲೇಬೇಡಿ. ಬೆರೆತ ಮೇಲೆ ಅದು ಬಯೋಡೀಸೆಲ್‌ಗೂ ಆಗುವುದಿಲ್ಲ, ಎಂಜಿನ್ ಆಯಿಲ್‌ಗೂ ಆಗುವುದಿಲ್ಲ.